ಒಂದು ಬಾಟಲಿ ನೀರಿನಲ್ಲಿ ಹೊಳೆಯ ಆರೋಗ್ಯ: ಅರ್ಕಾವತಿ, ವೃಷಭಾವತಿ ಕಲಿಸುವ ಪಾಠ

ಬೆಂಗಳೂರಿನಿಂದ ಮೈಸೂರಿಗೆ ಹೊರಟ ಬಸ್ಸು ನಾಯಂಡಹಳ್ಳಿ ದಾಟಿ ಕೆಂಗೇರಿಯತ್ತ ಸಾಗುವಾಗ ಪ್ರಯಾಣಿಕರು ಕಿಟಕಿಯ ಗಾಜು ಎಳೆದುಕೊಳ್ಳುವುದು ಹಳೆಯ ರೂಢಿ. ರಸ್ತೆಯ ಮಗ್ಗುಲಲ್ಲೇ ಹರಿಯುವ ಕಪ್ಪು ನೀರಿಗೆ ಊರಿನವರು ಇಟ್ಟ ಹೆಸರು ‘ಕೆಂಗೇರಿ ಮೋರಿ’. ಅದು ಮೋರಿಯಲ್ಲ, ವೃಷಭಾವತಿ ನದಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿತೆಂಬ ನಂಬಿಕೆಯಿಂದ ಬಂದ ಹೆಸರು ಅದಕ್ಕಿದೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ ಇದರ ದಡದಲ್ಲೇ ಎದ್ದು ನಿಂತದ್ದು. ಇಂದು ಈ ಹೊಳೆ ವರ್ಷದ ಹನ್ನೆರಡು ತಿಂಗಳೂ ಹರಿಯುತ್ತದೆ. ಆದರೆ ಅದರಲ್ಲಿ ಮೀನಿಲ್ಲ, ಏಡಿಯಿಲ್ಲ, ಕೈಯಲ್ಲಿ ಬೊಗಸೆ ನೀರು ಎತ್ತುವ ಧೈರ್ಯ ಯಾರಿಗೂ ಇಲ್ಲ.

ಇದೇ ವೃಷಭಾವತಿ ಕೊನೆಗೆ ಹೋಗಿ ಸೇರುವ ಅರ್ಕಾವತಿಯ ಕತೆ ಬೇರೆ. ನಂದಿ ಬೆಟ್ಟದ ತಪ್ಪಲಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ, ಹೆಸರಘಟ್ಟ, ರಾಮನಗರ, ಕನಕಪುರಗಳನ್ನು ಹಾದು, ಸುಮಾರು 190 ಕಿಲೋಮೀಟರ್ ಸಾಗಿ ಸಂಗಮದಲ್ಲಿ ಕಾವೇರಿಯನ್ನು ಕೂಡುವ ನದಿ ಇದು. ಬೆಂಗಳೂರಿಗೆ ಕೊಳವೆಯ ಮೂಲಕ ಮೊದಲು ನೀರು ಕೊಟ್ಟದ್ದು 1894ರಲ್ಲಿ, ಇದೇ ನದಿಯ ಹೆಸರಘಟ್ಟ ಕೆರೆಯಿಂದ. ಅದು ಸಾಲದಾದಾಗ ಅರ್ಕಾವತಿ ಮತ್ತು ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರ ಜಲಾಶಯ ಎದ್ದಿತು. 1980ರ ದಶಕದಿಂದ ಈಚೆಗೆ ಜಲಾಶಯಕ್ಕೆ ಬರುವ ನೀರು ಇಳಿಮುಖವಾಗುತ್ತ ಬಂತು. ಮೇಲ್ಭಾಗದ ಅರ್ಕಾವತಿಯಲ್ಲಿ ಮಳೆಗಾಲದಲ್ಲೂ ಬಹುತೇಕ ಮರಳು, ಜಾಲಿ ಮತ್ತು ಹುಲ್ಲು ಕಾಣುವ ದಿನಗಳೇ ಹೆಚ್ಚಾದವು.

ಒಂದರಲ್ಲಿ ನೀರಿದೆ, ಬದುಕಿಲ್ಲ. ಇನ್ನೊಂದರಲ್ಲಿ ಬದುಕು ನೆಲೆಸಬೇಕಾದ ಜಾಗವಿದೆ, ನೀರಿಲ್ಲ. ಒಂದೇ ಜಲಾನಯನದ ಈ ಎರಡು ಹೊಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮೂಲಭೂತವಾದ ಪ್ರಶ್ನೆಯೊಂದು ಏಳುತ್ತದೆ: ಹೊಳೆಯೊಂದು ಆರೋಗ್ಯವಾಗಿದೆ ಅಥವಾ ರೋಗಗ್ರಸ್ತವಾಗಿದೆ ಎಂದು ನಿರ್ಧರಿಸುವ ಅಳತೆಗೋಲು ಯಾವುದು? ಸದ್ಯ ಸರ್ಕಾರಿ ವ್ಯವಸ್ಥೆಯ ಕೈಯಲ್ಲಿರುವ ಅಳತೆಗೋಲು ಈ ಎರಡೂ ರೋಗಗಳನ್ನು ಸರಿಯಾಗಿ ಗುರುತಿಸಲಾರದು. ಗುರುತಿಸಲಾರದ ರೋಗಕ್ಕೆ ಕೋಟಿಗಟ್ಟಲೆ ರೂಪಾಯಿಯ ಚಿಕಿತ್ಸೆ ನಡೆದರೂ ಫಲ ಕಾಣದಿರುವುದರಲ್ಲಿ ಆಶ್ಚರ್ಯವಿಲ್ಲ.

ಪಟ್ಟಿ ಹೇಳುವುದೇನು?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 323 ನದಿಗಳ 351 ಭಾಗಗಳು ಕಲುಷಿತಗೊಂಡಿವೆ ಎಂದು ಪಟ್ಟಿ ಮಾಡಿತು. ಇದರಲ್ಲಿ ಕರ್ನಾಟಕದ ಪಾಲು 17. ಅರ್ಕಾವತಿ, ಲಕ್ಷ್ಮಣತೀರ್ಥ, ಮಲಪ್ರಭಾ, ತುಂಗಭದ್ರಾ ನದಿಗಳು ರಾಜ್ಯದ ಮಟ್ಟಿಗೆ ಹೆಚ್ಚು ಕೆಟ್ಟವುಗಳ ಗುಂಪಿನಲ್ಲಿದ್ದವು. ಕಾವೇರಿ, ಕಬಿನಿ, ಭದ್ರಾ, ಕೃಷ್ಣಾ, ಕಾಳಿ, ಶಿಂಷಾ ನಂತರದ ಗುಂಪಿನಲ್ಲೂ, ತುಂಗಾ, ನೇತ್ರಾವತಿ, ಕುಮಾರಧಾರಾ, ಯಗಚಿ ಕೊನೆಯ ಗುಂಪಿನಲ್ಲೂ ಇದ್ದವು. ಪತ್ರಿಕಾ ವರದಿಯ ಆಧಾರದ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡು, ಪ್ರತಿ ರಾಜ್ಯವೂ ನದಿ ಪುನಶ್ಚೇತನ ಸಮಿತಿ ರಚಿಸಿ ಕ್ರಿಯಾ ಯೋಜನೆ ಸಲ್ಲಿಸಬೇಕೆಂದು ಆದೇಶಿಸಿತು. 2022ರ ಪಟ್ಟಿಯಲ್ಲಿ ಕಲುಷಿತ ಭಾಗಗಳ ಸಂಖ್ಯೆ ದೇಶದಾದ್ಯಂತ 311ಕ್ಕೆ ಇಳಿಯಿತು.

ಸಂಖ್ಯೆ ಇಳಿದದ್ದು ಸಮಾಧಾನದ ಸಂಗತಿಯೇ. ಆದರೆ ಈ ಪಟ್ಟಿ ತಯಾರಾಗುವ ಬಗೆಯನ್ನು ಗಮನಿಸಬೇಕು. ಬಿಒಡಿ ಎಂದು ಕರೆಯಲಾಗುವ ಜೈವಿಕ ಆಮ್ಲಜನಕ ಬೇಡಿಕೆಯ ಪ್ರಮಾಣ ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಆ ಭಾಗ ಕಲುಷಿತ, ಮೀರದಿದ್ದರೆ ಅಲ್ಲ. ನೀರಿನಲ್ಲಿರುವ ಕೊಳೆಯನ್ನು ಜೀರ್ಣಿಸಿಕೊಳ್ಳಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬುದರ ಅಳತೆ ಇದು. ಕೊಳಚೆಯ ಮಾಲಿನ್ಯ ಪತ್ತೆಹಚ್ಚಲು ಉಪಯುಕ್ತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರ್ಖಾನೆಯ ಲೋಹಾಂಶ, ಕೀಟನಾಶಕ, ಹೊಳೆಯ ಹರಿವಿನ ಪ್ರಮಾಣ, ಅದರೊಳಗಿನ ಜೀವಸಂಕುಲ, ಇವ್ಯಾವುದರ ಸುಳಿವನ್ನೂ ಈ ಒಂದು ಅಂಕಿ ಕೊಡದು.

ಪಟ್ಟಿಯ ಮತ್ತೊಂದು ವಿಪರ್ಯಾಸ ಹೆಚ್ಚು ಕಣ್ಣಿಗೆ ಬೀಳುವಂಥದು. 2018ರ ಕರ್ನಾಟಕದ ಹದಿನೇಳು ಹೆಸರುಗಳಲ್ಲಿ ವೃಷಭಾವತಿ ಪ್ರತ್ಯೇಕವಾಗಿ ಇರಲೇ ಇಲ್ಲ. ರಾಜಧಾನಿಯ ಅರ್ಧ ಭಾಗದ ಕೊಳಚೆಯನ್ನು ಹೊತ್ತು ಹರಿಯುವ ನದಿ ‘ಕಲುಷಿತ ನದಿ’ಗಳ ಸಾಲಿನಲ್ಲಿ ಕಾಣದೇ ಹೋಯಿತು. ಕಡತಗಳ ಲೆಕ್ಕದಲ್ಲಿ ಅದು ನದಿಗಿಂತ ಹೆಚ್ಚಾಗಿ ರಾಜಕಾಲುವೆ. ಕಾಲುವೆಗೆ ಆರೋಗ್ಯದ ಪ್ರಶ್ನೆ ಏಳುವುದಿಲ್ಲ, ನೀರು ಮುಂದಕ್ಕೆ ಹೋದರೆ ಸಾಕು.

ಇನ್ನು ನೀರಿನ ವರ್ಗೀಕರಣವನ್ನೇ ನೋಡಿದರೆ, ಕೇಂದ್ರ ಮಂಡಳಿಯ ‘ಎ’ಯಿಂದ ‘ಇ’ವರೆಗಿನ ಐದು ದರ್ಜೆಗಳು ಮೂಲತಃ ಮನುಷ್ಯನ ಬಳಕೆಯನ್ನು ಆಧರಿಸಿದವು. ಸೋಂಕು ನಿವಾರಿಸಿ ಕುಡಿಯಬಹುದಾದ ನೀರು ಮೊದಲ ದರ್ಜೆ, ಸ್ನಾನಕ್ಕೆ ತಕ್ಕದ್ದು ಎರಡನೆಯದು, ಸಂಸ್ಕರಿಸಿ ಕುಡಿಯಬಹುದಾದದ್ದು ಮೂರನೆಯದು. ವನ್ಯಜೀವಿ ಮತ್ತು ಮೀನುಗಾರಿಕೆಗೆ ಮೀಸಲಾದದ್ದು ನಾಲ್ಕನೆಯ ‘ಡಿ’ ದರ್ಜೆ. ಅದರ ಅರ್ಹತೆಗೆ ಕೇಳಲಾಗುವುದು ಮೂರೇ ಸಂಗತಿ: ಆಮ್ಲೀಯತೆ, ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಅಮೋನಿಯಾ 1.2 ಮಿಲಿಗ್ರಾಂಗಿಂತ ಕಡಿಮೆ. ಮೀನು ನಿಜಕ್ಕೂ ಬದುಕಿದೆಯೇ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ.

ಮೂರರ ಗುರಿ, ಹತ್ತರ ಮಿತಿ

ಕ್ರಿಯಾ ಯೋಜನೆಗಳ ಗುರಿ ಸ್ಪಷ್ಟ. ನದಿ ನೀರಿನ ಬಿಒಡಿ 3 ಮಿಲಿಗ್ರಾಂಗೆ ಇಳಿದು ಸ್ನಾನಯೋಗ್ಯವಾಗಬೇಕು. ಇದಕ್ಕೆ ಹೇಳಲಾಗುವ ಮುಖ್ಯ ಮಾರ್ಗ ಕೊಳಚೆ ನೀರು ಸಂಸ್ಕರಣಾ ಘಟಕಗಳ ನಿರ್ಮಾಣ. ಈ ಮಾರ್ಗದಿಂದ ಆ ಗುರಿ ಮುಟ್ಟಬಹುದೇ ಎಂಬುದನ್ನು ಸರಳ ಗಣಿತದಿಂದ ಪರೀಕ್ಷಿಸಬಹುದು.

ಕೇಂದ್ರ ಪರಿಸರ ಸಚಿವಾಲಯ 2017ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ಸಂಸ್ಕರಣೆಯ ನಂತರ ಹೊರಬಿಡುವ ನೀರಿನ ಬಿಒಡಿ ಮಹಾನಗರಗಳಲ್ಲಿ 20, ಉಳಿದೆಡೆ 30 ಮಿಲಿಗ್ರಾಂ ಇರಬಹುದು. ಇದು ತೀರಾ ಸಡಿಲವೆಂದು ಹಸಿರು ನ್ಯಾಯಮಂಡಳಿ 2019ರ ಏಪ್ರಿಲ್‌ನಲ್ಲಿ 10 ಮಿಲಿಗ್ರಾಂ ಮಿತಿಯನ್ನು ಆದೇಶಿಸಿತು. ಎಲ್ಲ ಘಟಕಗಳೂ ಹಗಲಿರುಳು ಲೋಪವಿಲ್ಲದೆ ನಡೆದು, ಒಂದು ಹನಿ ಕಚ್ಚಾ ಕೊಳಚೆಯೂ ಹೊಳೆಗೆ ಸೇರದೆ, ಈ ಕಠಿಣ ಮಿತಿಯೇ ಪಾಲನೆಯಾಯಿತೆಂದು ಇಟ್ಟುಕೊಳ್ಳೋಣ. ಆಗಲೂ ಹೊಳೆಗೆ ಬೀಳುವ ನೀರಿನ ಬಿಒಡಿ 10. ಅದು 3ಕ್ಕೆ ಇಳಿಯಬೇಕಾದರೆ ಬಿಒಡಿ 2 ಇರುವ ಸ್ವಚ್ಛ ನೀರು ಏಳು ಪಟ್ಟು ಬೆರೆಯಬೇಕು. ಮಿತಿ 20 ಆದರೆ ಹದಿನೇಳು ಪಟ್ಟು. 30 ಆದರೆ ಇಪ್ಪತ್ತೇಳು ಪಟ್ಟು.

ವೃಷಭಾವತಿಯಲ್ಲಿ ಬೇಸಿಗೆಯ ದಿನಗಳಲ್ಲಿ ಒಂದು ಪಟ್ಟು ಸ್ವಚ್ಛ ನೀರೂ ಇಲ್ಲ. ಅಲ್ಲಿ ಹರಿಯುವುದೆಲ್ಲ ನಗರ ಬಳಸಿ ಬಿಟ್ಟ ನೀರೇ. ಸಂಸ್ಕರಿಸಿದ ಮತ್ತು ಸಂಸ್ಕರಿಸದ ಕೊಳಚೆಯೇ ಹೊಳೆಯಾದಾಗ ಬೆರೆಸಲು ಏನೂ ಉಳಿಯುವುದಿಲ್ಲ. ಹೊಳೆಗೆ ತನ್ನನ್ನು ತಾನೇ ಶುದ್ಧಗೊಳಿಸಿಕೊಳ್ಳುವ ಶಕ್ತಿ ಇದೆ ಎಂಬುದು ನಿಜ. ಕಲ್ಲುಗಳ ಮೇಲೆ ಚೆಲ್ಲಿ ಹರಿಯುವಾಗ ನೀರು ಗಾಳಿಯಿಂದ ಆಮ್ಲಜನಕ ಹೀರುತ್ತದೆ, ತಳದ ಜೀವಿಗಳು ಕೊಳೆಯನ್ನು ತಿಂದು ಕರಗಿಸುತ್ತವೆ. ಆದರೆ ಆ ಕೆಲಸಕ್ಕೆ ಜೀವಿಗಳು ಬದುಕಿರಬೇಕು, ಕಲ್ಲು ಮರಳಿನ ತಳ ಉಳಿದಿರಬೇಕು. ತಳವೆಲ್ಲ ಕಪ್ಪು ಕೆಸರಾಗಿ, ದಡಕ್ಕೆ ಕಾಂಕ್ರೀಟ್ ಗೋಡೆ ಎದ್ದ ಕಾಲುವೆಯಲ್ಲಿ ಆ ಶಕ್ತಿ ಕುಂದುತ್ತದೆ.

ಈ ಲೆಕ್ಕ ಸಂಸ್ಕರಣಾ ಘಟಕ ಬೇಡವೆಂದು ಹೇಳುವುದಿಲ್ಲ. ಕಚ್ಚಾ ಕೊಳಚೆಯ ಬಿಒಡಿ 200ರಿಂದ 300ರವರೆಗೆ ಇರುವಾಗ ಅದನ್ನು 10ಕ್ಕೆ ಇಳಿಸುವುದು ಸಣ್ಣ ಸಾಧನೆಯಲ್ಲ. ಆದರೆ ಗುಣಮಟ್ಟ ಒಂದು ಇಲಾಖೆಯ ಹೊಣೆ, ಹರಿವು ಇನ್ನೊಂದು ಇಲಾಖೆಯ ಹೊಣೆ ಎಂದು ಹಂಚಿಕೊಂಡರೆ ಗುರಿ ಎಂದಿಗೂ ಕೈಗೆ ಸಿಗದು. ನೀರಿನ ಗುಣ ಮತ್ತು ನೀರಿನ ಪ್ರಮಾಣ ಒಂದೇ ಪ್ರಶ್ನೆಯ ಎರಡು ಮುಖಗಳು.

ಬತ್ತಿದ ಹೊಳೆಗೆ ಮಾದರಿಯೇ ಇಲ್ಲ

ಮೇಲ್ಭಾಗದ ಅರ್ಕಾವತಿಯಲ್ಲಿ ಸಮಸ್ಯೆ ತಿರುಗುಮುರುಗು. ನೀರೇ ಇಲ್ಲದ ಜಾಗದಲ್ಲಿ ಬಾಟಲಿ ತುಂಬಿಸುವುದಾದರೂ ಹೇಗೆ? ಮಾದರಿ ಇಲ್ಲದಿದ್ದರೆ ಅಂಕಿ ಇಲ್ಲ, ಅಂಕಿ ಇಲ್ಲದಿದ್ದರೆ ಮಾಲಿನ್ಯವೂ ಇಲ್ಲ. ಸತ್ತ ರೋಗಿಗೆ ಜ್ವರವಿಲ್ಲ ಎಂದು ಬರೆದುಕೊಂಡಂತೆ ಇದು.

ನದಿ ಏಕೆ ಬತ್ತಿತು ಎಂಬ ಬಗ್ಗೆ ಜನರಲ್ಲಿ ಹಲವು ಉತ್ತರಗಳಿವೆ. ಮಳೆ ಕಡಿಮೆಯಾಯಿತು ಎಂಬುದು ಎಲ್ಲರಿಗೂ ಒಪ್ಪಿಗೆಯಾಗುವ ಉತ್ತರ, ಏಕೆಂದರೆ ಅದರಲ್ಲಿ ಯಾರ ತಪ್ಪೂ ಇಲ್ಲ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು ತಿಪ್ಪಗೊಂಡನಹಳ್ಳಿ ಜಲಾಶಯದ 1,400 ಚದರ ಕಿಲೋಮೀಟರಿಗೂ ಹೆಚ್ಚಿನ ಜಲಾನಯನವನ್ನು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ ಪ್ರಬಂಧ ಈ ಉತ್ತರಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿತು. ಮಳೆಯ ಪ್ರಮಾಣದಲ್ಲಿ ಇಷ್ಟು ದೊಡ್ಡ ಕುಸಿತವನ್ನು ವಿವರಿಸುವಂಥ ಬದಲಾವಣೆ ಕಂಡುಬರಲಿಲ್ಲ. ಅಂತರ್ಜಲದ ಮಿತಿಮೀರಿದ ಬಳಕೆ ಮತ್ತು ನೀಲಗಿರಿ ತೋಪುಗಳ ವಿಸ್ತರಣೆಯೇ ಪ್ರಬಲ ಕಾರಣಗಳೆಂದೂ, ಹಳ್ಳಗಳಿಗೆ ಅಡ್ಡಲಾಗಿ ಎದ್ದ ತಡೆಗಳ ಪಾತ್ರವೂ ಇರಬಹುದೆಂದೂ ಅಧ್ಯಯನ ಸೂಚಿಸಿತು.

ಇದರ ಹಿಂದಿನ ಕಾರ್ಯಕಾರಣ ಸರಳವಾದದ್ದು. ಮಳೆ ನಿಂತ ಮೇಲೂ ಹೊಳೆ ಹರಿಯುವುದು ನೆಲದೊಳಗಿನ ನೀರು ಮೆಲ್ಲಗೆ ಜಿನುಗಿ ತಳಕ್ಕೆ ಬರುವುದರಿಂದ. ಕೊಳವೆಬಾವಿಗಳು ನೂರಾರು ಅಡಿ ಆಳಕ್ಕಿಳಿದು ಅಂತರ್ಜಲದ ಮಟ್ಟ ಹೊಳೆಯ ತಳಕ್ಕಿಂತ ಬಹಳ ಕೆಳಗೆ ಹೋದಾಗ ಈ ಸಂಬಂಧ ಕಡಿದುಹೋಗುತ್ತದೆ. ಆಮೇಲೆ ಹೊಳೆ ಕೊಡುವುದನ್ನು ನಿಲ್ಲಿಸಿ ಬಿದ್ದ ಮಳೆಯನ್ನು ಹೀರುವ ಇಳಿಜಾರಾಗುತ್ತದೆ. ಹೊಲಗಳಲ್ಲಿ ರಾಗಿಯ ಜಾಗಕ್ಕೆ ಬಂದ ನೀಲಗಿರಿ ಉಳಿದ ತೇವವನ್ನೂ ವರ್ಷವಿಡೀ ಹೀರುತ್ತದೆ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನೆಟ್ಟಾಗಿರುವ ತೋಪುಗಳು ಕಡಿದಷ್ಟೂ ಚಿಗುರುವ ಗುಣದವು ಎಂಬುದು ರೈತರೆಲ್ಲರಿಗೂ ತಿಳಿದ ಸಂಗತಿ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಬಯಲುಸೀಮೆಯ ಹೊಳೆಯನ್ನು ಮಲೆನಾಡಿನ ತೊರೆಯ ಅಳತೆಯಲ್ಲಿ ತೂಗಬಾರದು. ಅರ್ಕಾವತಿಯಂಥ ನದಿಯ ಎಷ್ಟೋ ಕವಲುಗಳು ಹಿಂದೆಯೂ ಬೇಸಿಗೆಯಲ್ಲಿ ಬತ್ತುತ್ತಿದ್ದವು. ಅಲ್ಲಿನ ಕಪ್ಪೆ, ಮೀನು, ಕೀಟಗಳು ಆ ಕ್ರಮಕ್ಕೆ ಹೊಂದಿಕೊಂಡೇ ಬದುಕಿದ್ದವು. ಮಡುಗಳಲ್ಲಿ ಉಳಿದು, ಕೆಸರಿನಲ್ಲಿ ಹುದುಗಿ, ಮಳೆ ಬಂದೊಡನೆ ಹರಡುತ್ತಿದ್ದವು. ಬೇಸಿಗೆಯಲ್ಲಿ ಬತ್ತುವುದು ರೋಗವಲ್ಲ. ಮಳೆಗಾಲದಲ್ಲೂ ಹರಿಯದಿರುವುದು, ಒಂದು ಮಡುವೂ ಉಳಿಯದಿರುವುದು ರೋಗ. ಇದಕ್ಕೆ ಪ್ರತಿಯಾಗಿ ಬತ್ತಬೇಕಾದ ವೃಷಭಾವತಿ ಏಪ್ರಿಲ್‌ನಲ್ಲೂ ತುಂಬಿ ಹರಿಯುವುದು ಅದೇ ರೋಗದ ಇನ್ನೊಂದು ಲಕ್ಷಣ.

ಕಲ್ಲಿನಡಿಯ ಸಾಕ್ಷಿಗಳು

ಬಾಟಲಿಯ ನೀರಿಗೆ ಇರುವ ಮತ್ತೊಂದು ಮಿತಿ ಸಮಯದ್ದು. ಮಾದರಿ ತೆಗೆದ ಗಳಿಗೆಯಲ್ಲಿ ಹೊಳೆ ಹೇಗಿತ್ತೆಂದಷ್ಟೇ ಅದು ಹೇಳಬಲ್ಲದು. ತಿಂಗಳಿಗೊಮ್ಮೆ ಹಗಲು ಹೊತ್ತಿನಲ್ಲಿ ತುಂಬಿದ ಬಾಟಲಿಗೆ ರಾತ್ರಿ ಎರಡು ಗಂಟೆಗೆ ಯಾರೋ ಹರಿಯಬಿಟ್ಟ ಆಮ್ಲದ ಸುದ್ದಿ ತಿಳಿಯದು. ಪಾಚಿ ಬೆಳೆದ ನೀರಿನಲ್ಲಿ ಮಧ್ಯಾಹ್ನ ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕ ಏರಿರುತ್ತದೆ, ನಸುಕಿನಲ್ಲಿ ಪಾತಾಳಕ್ಕೆ ಇಳಿದಿರುತ್ತದೆ. ಮೀನು ಸಾಯುವುದು ನಸುಕಿನಲ್ಲಿ. ಮಾದರಿ ಸಂಗ್ರಹ ನಡೆಯುವುದು ಕಚೇರಿ ವೇಳೆಯಲ್ಲಿ.

ಹೊಳೆಯಲ್ಲೇ ವಾಸಿಸುವ ಜೀವಿಗಳು ಹೀಗೆ ಹೊತ್ತು ನೋಡಿ ಬರುವಂಥವಲ್ಲ. ತಿಂಗಳುಗಟ್ಟಲೆ ಅಲ್ಲೇ ಇದ್ದು ಒಳ್ಳೆಯದು ಕೆಟ್ಟದ್ದನ್ನೆಲ್ಲ ಅನುಭವಿಸಿರುತ್ತವೆ. ಹರಿವ ನೀರಿನ ಕಲ್ಲೊಂದನ್ನು ಎತ್ತಿ ತಿರುಗಿಸಿದರೆ ಕಾಣುವ ಪುಟ್ಟ ಹುಳುಗಳೇ ಇದರ ಸಾಕ್ಷಿಗಳು. ಮೇಫ್ಲೈ, ಸ್ಟೋನ್‌ಫ್ಲೈ ಮರಿಗಳು, ಮರಳಿನ ಕಣ ಅಂಟಿಸಿ ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್‌ಫ್ಲೈ ಹುಳುಗಳು ಆಮ್ಲಜನಕ ಧಾರಾಳವಾಗಿದ್ದಲ್ಲಿ ಮಾತ್ರ ಬದುಕುತ್ತವೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೊಡತಿ ಕೀಟದ ಮರಿಗಳು, ಏಡಿ, ಸಿಗಡಿಗಳು ಅಷ್ಟಿಷ್ಟು ಕೊಳೆಯನ್ನು ಸಹಿಸಬಲ್ಲವು. ಜಿಗಣೆ, ಕೆಲವು ಜಾತಿಯ ಬಸವನಹುಳುಗಳು ಇನ್ನಷ್ಟು ಸಹಿಷ್ಣುಗಳು. ಕೊಳಚೆಯ ಕೆಸರಿನಲ್ಲಿ ಕೊನೆಗೆ ಉಳಿಯುವುದು ರಕ್ತವರ್ಣದ ಹುಳುಗಳು ಮತ್ತು ಎಳೆಯಂತಹ ಕೆಸರುಹುಳುಗಳು ಮಾತ್ರ. ಆಮ್ಲಜನಕ ತೀರಾ ಕಡಿಮೆ ಇದ್ದಾಗಲೂ ಅದನ್ನು ಹಿಡಿದಿಡುವ ವರ್ಣದ್ರವ್ಯವೇ ಅವುಗಳ ಕೆಂಪಿಗೆ ಕಾರಣ.

ಈ ತಿಳಿವಳಿಕೆಯ ಮೇಲೆ ಬ್ರಿಟನ್‌ನಲ್ಲಿ 1970ರ ದಶಕದಲ್ಲಿ ಅಂಕ ನೀಡುವ ಪದ್ಧತಿಯೊಂದು ರೂಪುಗೊಂಡಿತು. ಪ್ರತಿ ಕೀಟ ಕುಟುಂಬಕ್ಕೂ ಅದರ ಸೂಕ್ಷ್ಮತೆಗೆ ತಕ್ಕಂತೆ ಒಂದರಿಂದ ಹತ್ತರವರೆಗೆ ಅಂಕ. ದೊರೆತ ಕುಟುಂಬಗಳ ಅಂಕಗಳ ಸರಾಸರಿಯೇ ಹೊಳೆಯ ಆರೋಗ್ಯದ ಸೂಚಿ. ಭಾರತಕ್ಕೆ ಇದು ಹೊಸದೇನಲ್ಲ. ಡಚ್ಚರ ಸಹಯೋಗದಲ್ಲಿ ಯಮುನಾ ನದಿಯ ಮೇಲೆ ನಡೆದ ಕೆಲಸದ ಆಧಾರದಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಜೈವಿಕ ಗುಣಮಟ್ಟದ ಮಾನದಂಡವನ್ನು ಸಿದ್ಧಪಡಿಸಿದೆ. ಸ್ವಚ್ಛ ಹೊಳೆಗೆ ನೀಲಿ, ತೀವ್ರವಾಗಿ ಕೆಟ್ಟದ್ದಕ್ಕೆ ಕೆಂಪು, ಹೀಗೆ ಐದು ಬಣ್ಣದ ದರ್ಜೆಗಳು ಅದರಲ್ಲಿವೆ. ಆದರೆ ಕಲುಷಿತ ನದಿಗಳ ಪಟ್ಟಿ ತಯಾರಿಸುವಾಗ ಆ ಬಣ್ಣಗಳಿಗೆ ಮಾತಾಡುವ ಅವಕಾಶವಿಲ್ಲ. ಆಯ್ಕೆಯಾಗುವುದು ಬಿಒಡಿ ಒಂದೇ.

ಈ ಪರೀಕ್ಷೆಗೆ ಬೇಕಾಗುವುದು ಒಂದು ಬಲೆ, ಬಿಳಿ ತಟ್ಟೆ, ಭೂತಗನ್ನಡಿ ಮತ್ತು ತರಬೇತಿ ಪಡೆದ ಕಣ್ಣು. ದಕ್ಷಿಣ ಆಫ್ರಿಕಾದಲ್ಲಿ ಹದಿಮೂರು ಬಗೆಯ ಜೀವಿಗಳನ್ನು ಮಾತ್ರ ಗುರುತಿಸಿ ಶಾಲಾ ಮಕ್ಕಳೂ ನಾಗರಿಕರೂ ಹೊಳೆಯ ಸ್ಥಿತಿ ಅಳೆಯುವ ಸರಳ ಪದ್ಧತಿ ಬಳಕೆಯಲ್ಲಿದೆ. ಕರ್ನಾಟಕದ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಿಗೆ ಇದು ಕೈಗೆಟಕದ ವಿದ್ಯೆಯಲ್ಲ. ಬಯಲುಸೀಮೆಯ ಹೊಳೆಗಳಿಗೆ ತಕ್ಕ ಅಂಕಪಟ್ಟಿ ಮಾತ್ರ ಇಲ್ಲಿಯೇ ತಯಾರಾಗಬೇಕು. ಬನ್ನೇರುಘಟ್ಟ, ಕಾವೇರಿ ವನ್ಯಧಾಮಗಳ ಕಾಡಿನೊಳಗಿನ ಹಳ್ಳಗಳು ಅದಕ್ಕೆ ಹೋಲಿಕೆಯ ಮಾದರಿಯಾಗಬಲ್ಲವು.

ದಡವೂ ಹೊಳೆಯ ಅಂಗ

ಹೊಳೆಯೆಂದರೆ ನೀರಷ್ಟೇ ಅಲ್ಲ. ಹೊಳೆಮತ್ತಿ, ಹೊಂಗೆ, ನೇರಳೆಗಳ ನೆರಳು ನೀರನ್ನು ತಂಪಾಗಿಡುತ್ತದೆ. ತಂಪು ನೀರು ಬಿಸಿ ನೀರಿಗಿಂತ ಹೆಚ್ಚು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಉದುರಿದ ಎಲೆಯೇ ತಳದ ಹುಳುಗಳ ಆಹಾರ. ಬೇರುಗಳು ಮಣ್ಣು ಹಿಡಿಯುತ್ತವೆ. ಮರಳು ಒರತೆಗೆ ದಾರಿ ಮಾಡುತ್ತದೆ. ಮರಳನ್ನು ಬಗೆದು, ಮರ ಕಡಿದು, ಎರಡೂ ಬದಿಗೆ ಗೋಡೆ ಕಟ್ಟಿದ ಮೇಲೆ ಗಂಗಾಜಲವನ್ನೇ ತಂದು ಸುರಿದರೂ ಅಲ್ಲಿ ಹೊಳೆ ಹುಟ್ಟದು.

ಬೆಂಗಳೂರಿನಲ್ಲಿ ದಡದ ಗತಿ ಏನಾಯಿತೆಂಬುದಕ್ಕೆ ನ್ಯಾಯಾಲಯದ ಕಡತಗಳೇ ಸಾಕ್ಷಿ. ರಾಜಕಾಲುವೆಗಳ ಅಂಚಿನಿಂದ ಅವುಗಳ ಗಾತ್ರಕ್ಕೆ ತಕ್ಕಂತೆ 50, 35 ಮತ್ತು 25 ಮೀಟರ್ ಜಾಗ ಬಿಡಬೇಕೆಂದು 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ್ದರಿಂದ ನಗರದ ಮಹಾಯೋಜನೆಯ 50, 25 ಮತ್ತು 15 ಮೀಟರ್ ಅಳತೆಯೇ ಮತ್ತೆ ಜಾರಿಗೆ ಬಂತು. ಅದೂ ಕಾಲುವೆಯ ಮಧ್ಯಭಾಗದಿಂದ. ವಾದ ಪ್ರತಿವಾದ ನಡೆದದ್ದು ಎಷ್ಟು ಮೀಟರ್ ಎಂಬುದರ ಮೇಲೆ. ಆ ಮೀಟರುಗಳೊಳಗೆ ಮರವಿದೆಯೇ, ಮಣ್ಣಿದೆಯೇ, ಡಾಂಬರಿದೆಯೇ ಎಂದು ನೋಡಿ ಅಂಕ ಕೊಡುವ ವ್ಯವಸ್ಥೆ ಇನ್ನೂ ಬಂದಿಲ್ಲ.

ಯಾರಿಗೆ ನಷ್ಟ?

ಹೊಳೆಯ ಆರೋಗ್ಯವೆಂಬುದು ಹುಳು, ಮೀನುಗಳ ಮೇಲಿನ ಕನಿಕರದ ಮಾತು ಎಂದು ತಳ್ಳಿಹಾಕುವವರಿದ್ದಾರೆ. ಬಿಡದಿ ಸಮೀಪದ ಬೈರಮಂಗಲದಲ್ಲಿ ನಿಂತು ನೋಡಿದರೆ ಆ ಮಾತು ಬಾಯಿಗೆ ಬಾರದು. 1940ರ ದಶಕದಲ್ಲಿ ವೃಷಭಾವತಿಗೆ ಅಡ್ಡಲಾಗಿ ಕಟ್ಟಿದ ಈ ಜಲಾಶಯ ಅಚ್ಚುಕಟ್ಟಿನ ರೈತರಿಗೆ ನೀರುಣಿಸಲು ಹುಟ್ಟಿದ್ದು. ಈಗ ಅದರ ಕೋಡಿಯಲ್ಲಿ ನೊರೆ ಎದ್ದು ಗಾಳಿಗೆ ಹಾರುತ್ತದೆ. ವರ್ಷವಿಡೀ ನೀರು ಸಿಗುವುದರಿಂದ ಹಿಪ್ಪುನೇರಳೆ, ಮೇವಿನ ಹುಲ್ಲು, ತೆಂಗು, ಎಳೆ ಜೋಳ ಬೆಳೆಯುತ್ತವೆ. ಬಾವಿಯ ನೀರು ಮಾತ್ರ ಕುಡಿಯುವಂತಿಲ್ಲ. ಆ ಮೇವು ತಿಂದ ಹಸುವಿನ ಹಾಲೂ ಆ ತರಕಾರಿಯೂ ಬರುವುದು ನಗರಕ್ಕೇ. ಕೊಳಚೆಯನ್ನು ಜಲಾಶಯಕ್ಕೆ ಬಿಡದೆ ಬದಿಯ ಕಾಲುವೆಯಲ್ಲಿ ಕೆಳಕ್ಕೆ ಸಾಗಿಸುವ ಯೋಜನೆ ಬಂದಾಗ ರೈತರಿಂದಲೇ ವಿರೋಧ ಎದುರಾಯಿತು. ಕೆಟ್ಟ ನೀರಿಗಿಂತ ನೀರೇ ಇಲ್ಲದಿರುವುದು ಅವರಿಗೆ ಹೆಚ್ಚಿನ ಭಯ. ಅರ್ಕಾವತಿ ಬತ್ತಿದ್ದನ್ನು ಅವರು ಕಂಡಿದ್ದಾರೆ. ದೊಡ್ಡಬಳ್ಳಾಪುರದ ದೊಡ್ಡತುಮಕೂರು, ಮಜರಾಹೊಸಹಳ್ಳಿ ಭಾಗದವರು ತಮ್ಮ ಕೆರೆಗಳಿಗೆ ಕೊಳಚೆ, ಕಾರ್ಖಾನೆಯ ತ್ಯಾಜ್ಯ ಸೇರುವುದರ ವಿರುದ್ಧ ಬೀದಿಗಿಳಿದದ್ದೂ ಇದೇ ಜಲಾನಯನದ ಇನ್ನೊಂದು ತುದಿಯಲ್ಲಿ.

ಮುಂದೆ ಈ ನೀರು ಕನಕಪುರ ದಾಟಿ, ಹಾರೋಬೆಲೆ ಜಲಾಶಯ ಹಾದು ಸಂಗಮ ಸೇರುತ್ತದೆ. ಅದು ಮಹಶೀರ್ ಮೀನಿಗೆ ಹೆಸರಾದ ಕಾವೇರಿ ವನ್ಯಧಾಮದ ಪ್ರದೇಶ. ಕಾವೇರಿ ಕೊಳ್ಳದಲ್ಲಷ್ಟೇ ಕಾಣಸಿಗುವ ಗೂನುಬೆನ್ನಿನ ಮಹಶೀರನ್ನು 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಗಂಭೀರ ಅಪಾಯದ ಅಂಚಿನಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿಗೆ ಕಾವೇರಿ ನೀರೆತ್ತುವ ಸ್ಥಳ ಸಂಗಮಕ್ಕಿಂತ ಮೇಲಕ್ಕಿದೆ. ಆದ್ದರಿಂದ ನಗರ ತಾನು ಕೆಡಿಸಿದ್ದನ್ನು ತಾನು ಕುಡಿಯಬೇಕಾಗಿಲ್ಲ. ಅದು ಕೆಳಗಿನವರ ಪಾಲು. ಕರ್ನಾಟಕದಿಂದ ಕೊಳಚೆ ಹರಿದು ಬರುತ್ತಿದೆ ಎಂದು ತಮಿಳುನಾಡು 2015ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದನ್ನು ಇಲ್ಲಿ ನೆನೆಯಬಹುದು. ನೀರಿನ ಪಾಲಿಗಾಗಿ ದಶಕಗಳ ಕಾಲ ಹೋರಾಡಿದ ರಾಜ್ಯ ನೀರಿನ ಗುಣದ ಪ್ರಶ್ನೆಯಲ್ಲಿ ಆರೋಪಿಯ ಸ್ಥಾನದಲ್ಲಿ ನಿಲ್ಲುವುದು ಗೌರವದ ಸಂಗತಿಯಲ್ಲ.

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಗಿ ನಗರಕ್ಕೆ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿನ ಸಾಮರ್ಥ್ಯ ಒದಗಿದೆ. ಬಳಸಿದ ನೀರಿನಲ್ಲಿ ಶೇ 80ರಷ್ಟು ಕೊಳಚೆಯಾಗಿ ಹಿಂದಿರುಗುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಆ ಪ್ರಕಾರ ದಿನಕ್ಕೆ 62 ಕೋಟಿ ಲೀಟರ್ ಹೊಸ ಕೊಳಚೆ ನಗರದ ಕಣಿವೆಗಳಲ್ಲಿ ಹರಿಯಲು ದಾರಿ ಹುಡುಕಲಿದೆ. ಅದರಲ್ಲೊಂದು ಪಾಲು ವೃಷಭಾವತಿಗೆ ತಪ್ಪದು.

ಕಾನೂನು ಅಂದೇ ಹೇಳಿತ್ತು

ಈ ಎಲ್ಲಕ್ಕೂ ಹೊಸ ಕಾನೂನು ಬೇಕೆಂಬ ವಾದ ಕೇಳಿಬರುವುದುಂಟು. ಆದರೆ ಇದ್ದ ಕಾನೂನನ್ನೇ ತೆರೆದು ಓದಿದರೆ ಬೆರಗಾಗುತ್ತದೆ. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ ತನ್ನ ಉದ್ದೇಶವೆಂದು ಹೇಳಿಕೊಳ್ಳುವುದು ನೀರಿನ ಸ್ವಾಸ್ಥ್ಯವನ್ನು ಕಾಪಾಡುವುದು ಮತ್ತು ಮರಳಿ ತರುವುದು. ‘ಹೊಳೆ’ ಎಂಬುದಕ್ಕೆ ಅದು ಕೊಡುವ ವ್ಯಾಖ್ಯೆಯಲ್ಲಿ, ಹರಿಯುತ್ತಿರಲಿ ಅಥವಾ ಸದ್ಯಕ್ಕೆ ಒಣಗಿರಲಿ, ಎಲ್ಲ ಜಲಮಾರ್ಗಗಳೂ ಸೇರಿವೆ. ನೆಲದಡಿಯ ನೀರೂ ಸೇರಿದೆ. ಮಾಲಿನ್ಯ ಎಂಬುದರ ಅರ್ಥದಲ್ಲಿ ಜಲಚರಗಳ ಜೀವಕ್ಕೆ ಆಗುವ ಹಾನಿಯೂ ಸೇರಿದೆ.

ಅದಕ್ಕಿಂತ ಮುಖ್ಯವಾದದ್ದು ರಾಜ್ಯ ಮಂಡಳಿಯ ಕರ್ತವ್ಯಗಳನ್ನು ಹೇಳುವ ಹದಿನೇಳನೆಯ ಸೆಕ್ಷನ್. ನಿರ್ದಿಷ್ಟ ಹೊಳೆಯೊಂದಕ್ಕೆ ಬಿಡುವ ಕೊಳಚೆ ಎಷ್ಟು ಶುದ್ಧವಾಗಿರಬೇಕೆಂಬುದನ್ನು ಮಂಡಳಿ ನಿಗದಿ ಮಾಡುವಾಗ, ಮಳೆಯಿಲ್ಲದ ದಿನಗಳಲ್ಲಿ ಆ ಹೊಳೆಯಲ್ಲಿ ಬೆರೆಯಲು ದೊರೆಯುವ ಕನಿಷ್ಠ ನೀರನ್ನು ಗಣನೆಗೆ ತೆಗೆದುಕೊಳ್ಳಬೇಕು ಎಂದು ಅದು ಹೇಳುತ್ತದೆ. ಅಂದರೆ ಹೊಳೆ ಹೊಳೆಗೂ ಬೇರೆ ಮಿತಿ. ತುಂಗೆಗೆ ಸಲ್ಲುವುದು ವೃಷಭಾವತಿಗೆ ಸಲ್ಲದು. ಏಳು ಪಟ್ಟು, ಹದಿನೇಳು ಪಟ್ಟಿನ ಲೆಕ್ಕವನ್ನು ಐವತ್ತು ವರ್ಷಗಳ ಹಿಂದೆಯೇ ಸಂಸತ್ತು ಮನಗಂಡಿತ್ತು. ದೇಶಕ್ಕೆಲ್ಲ 10, 20, 30 ಎಂಬ ಒಂದೇ ಅಚ್ಚಿನ ಮಿತಿಗಳು ಆ ವಿವೇಕವನ್ನು ಬದಿಗೆ ಸರಿಸಿವೆ.

ಆಗಬೇಕಾದದ್ದು ಅಸಾಧ್ಯವೇನಲ್ಲ. ಪ್ರತಿ ಹೊಳೆಗೂ ನಾಲ್ಕು ಅಂಕಣಗಳ ಆರೋಗ್ಯಪಟ್ಟಿ ಇರಲಿ. ವರ್ಷದ ಯಾವ ತಿಂಗಳಲ್ಲಿ ಎಷ್ಟು ಹರಿವು, ಅದರಲ್ಲಿ ಎಷ್ಟು ಕೊಳಚೆಯ ಪಾಲು ಎಂಬುದು ಮೊದಲನೆಯದು. ನಸುಕಿನ ಆಮ್ಲಜನಕ, ಅಮೋನಿಯಾ, ರಂಜಕ, ಲೋಹಾಂಶಗಳನ್ನು ಒಳಗೊಂಡ ನೀರಿನ ಪರೀಕ್ಷೆ ಎರಡನೆಯದು. ತಳದ ಹುಳುಗಳಿಂದ ಮೀನಿನವರೆಗಿನ ಜೀವಿಗಳ ಅಂಕ ಮೂರನೆಯದು. ದಡ ಮತ್ತು ತಳದ ಸ್ಥಿತಿ ನಾಲ್ಕನೆಯದು. ನಾಲ್ಕರಲ್ಲಿ ಅತ್ಯಂತ ಕೆಳಗಿರುವ ಅಂಕವೇ ಹೊಳೆಯ ಅಂಕವಾಗಲಿ. ಯುರೋಪಿನ ದೇಶಗಳು 2000ರಲ್ಲಿ ಒಪ್ಪಿಕೊಂಡ ಜಲ ನಿರ್ದೇಶನದ ತಿರುಳೂ ಇದೇ. ಆ ಕಠಿಣ ಅಳತೆಯಲ್ಲಿ ತೂಗಿದಾಗ 2019ರ ವೇಳೆಗೆ ಇಂಗ್ಲೆಂಡಿನ ನದಿಗಳಲ್ಲಿ ಶೇ 14ರಷ್ಟು ಮಾತ್ರ ಉತ್ತಮ ಪರಿಸರ ಸ್ಥಿತಿಯಲ್ಲಿದ್ದವು. ಅಂಕಿ ಮುಜುಗರ ತರುವಂಥದೇ. ಆದರೆ ಯಾವ ನದಿಗೆ ಯಾವ ಕಾಯಿಲೆ ಎಂಬುದು ಅಲ್ಲಿನ ಜನರಿಗೆ ತಿಳಿದಿದೆ.

ಕರ್ನಾಟಕದಲ್ಲಿ ಇಂಥ ಪಟ್ಟಿ ಬಂದರೆ ಮೊದಲ ವರ್ಷ ಎಷ್ಟೋ ಹೊಳೆಗಳು ಕೆಂಪು ಬಣ್ಣದಲ್ಲಿ ಕಾಣಬಹುದು. ಅದಕ್ಕೆ ಅಂಜಿ ಅಳತೆಯನ್ನೇ ಬಿಡುವುದು ಪರಿಹಾರವಲ್ಲ. ವೃಷಭಾವತಿಗೆ ಸಂಸ್ಕರಣಾ ಘಟಕ ಎಷ್ಟು ಬೇಕೋ ಅರ್ಕಾವತಿಗೆ ಅಂತರ್ಜಲದ ಮೇಲಿನ ಹಿಡಿತ ಅಷ್ಟೇ ಬೇಕು ಎಂಬುದು ಆಗ ಒಂದೇ ಪುಟದಲ್ಲಿ ಕಾಣುತ್ತದೆ. ಬಿಒಡಿ ಇಳಿಯಿತೆಂದು ಸರ್ಕಾರ ಸಂಭ್ರಮಿಸುವ ದಿನ ಬರಬಹುದು. ಬೈರಮಂಗಲದ ಕೆಳಗಿನ ಕಲ್ಲೊಂದನ್ನು ಎತ್ತಿದಾಗ ಅದರಡಿಯಲ್ಲಿ ಏಡಿಯೊಂದು ಓಡಿದರೆ ಮಾತ್ರ ಆ ಸಂಭ್ರಮಕ್ಕೆ ಅರ್ಥ.